ಮೂರೂವರೆ ಮಿಲಿಮೀಟರ್

1955ರಲ್ಲಿ ನಾನು ನಾಗಪುರದ ಸದರ್‌ನಲ್ಲಿದ್ದ ಒಂದು ಖಾಸಗಿ ಮೋಟಾರ್ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದೆ. ಆಗ ನನಗೆ ಮೂವತ್ತೆರಡು ವರ್ಷ. ಊರು ಗದಗ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೆಲವು ವರ್ಷ ಕೆಲಸ ಕಲಿತು, ಮೋಟಾರುಗಳ ಹುಚ್ಚು ಬಿಡದೆ ನಾಗಪುರಕ್ಕೆ ಹೋದವನು ನಾನು. ಅಡ್ಡಹೆಸರು ಕುಲಕರ್ಣಿ ಆದ್ದರಿಂದ ಅಲ್ಲಿಯವರು ನನ್ನನ್ನು ಮರಾಠಿಯವನೆಂದೇ ತಿಳಿದು ಮಾತನಾಡಿಸುತ್ತಿದ್ದರು; ನಾನು ಬಾಯಿ ತೆರೆದ ಮೇಲೆ ನಗುತ್ತಿದ್ದರು. ಈ ಬರಹದಲ್ಲಿ ಬರುವವರಲ್ಲಿ ನನ್ನ ಹೆಂಡತಿ ಶಾರದೆಯನ್ನು ಬಿಟ್ಟರೆ ಕನ್ನಡದವರು ಯಾರೂ ಇಲ್ಲ. ಉಳಿದವರ ಮರಾಠಿ, ಹಿಂದಿ ಮಾತನ್ನು ನನ್ನ ಮನೆಯ ಮಾತಿಗೆ ತಿರುಗಿಸಿಕೊಂಡು ಬರೆದಿದ್ದೇನೆ.

ವರ್ಕ್‌ಶಾಪಿನ ಮಾಲೀಕರು ಖನ್ನಾ ಸಾಹೇಬರು. ದೇಶ ಇಬ್ಭಾಗವಾದಾಗ ಲಾಹೋರಿನಲ್ಲಿದ್ದ ತಮ್ಮ ವರ್ಕ್‌ಶಾಪನ್ನು ಬೀಗ ಕೂಡ ಹಾಕದೆ ಬಿಟ್ಟು ಬಂದವರು. ನಾಗಪುರದಲ್ಲಿ ಯುದ್ಧಕಾಲದ ಹಳೆಯ ಜೀಪುಗಳನ್ನು ದುರಸ್ತಿ ಮಾಡುತ್ತ ಎರಡನೆಯ ಸಲ ಬದುಕು ಕಟ್ಟಿಕೊಂಡಿದ್ದರು. ನಮ್ಮಲ್ಲಿ ಹದಿನಾಲ್ಕು ಜನ ಕೆಲಸಗಾರರಿದ್ದರು. ಅವರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದವರು ತುಳಶೀರಾಮ ಮಿಸ್ತ್ರಿ. ಮಹಾಲ್‌ನ ನೇಕಾರರ ಮನೆತನದವರು; ಮಹಾಲ್ ಎಂದರೆ ನಾಗಪುರದ ಹಳೆಯ ಪೇಟೆ. ಕೈಮಗ್ಗಕ್ಕೆ ಗಿರಾಕಿ ಕಡಿಮೆಯಾದಾಗ ಅಣ್ಣನಿಗೆ ಮಗ್ಗ ಬಿಟ್ಟುಕೊಟ್ಟು ತಾವು ಕಬ್ಬಿಣಕ್ಕೆ ಬಂದಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಬಹಳ ಕಡಿಮೆ. ಉಕ್ಕನ್ನು ಕಡೆಯುವಾಗ ಬರುವ ಸದ್ದಿನಿಂದಲೇ ಉಳಿಯ ಮೊನೆ ಮೊಂಡಾಗಿದೆ ಎಂದು ಹೇಳುತ್ತಿದ್ದರು. ಮೈಕ್ರೋಮೀಟರ್ ಇಟ್ಟು ನೋಡಿದರೆ ಅವರ ಕೆಲಸದಲ್ಲಿ ಕೂದಲೆಳೆಯ ವ್ಯತ್ಯಾಸವೂ ಸಿಗುತ್ತಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಮುಂದೆ ಸರ್ಕಾರದ ಕಾಗದದಲ್ಲಿ ಇದಕ್ಕೆ ವಿರುದ್ಧವಾದದ್ದು ದಾಖಲಾಯಿತು.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ನಮ್ಮ ಅಂಗಳಕ್ಕೆ ಒಂದು ನೀಲಿ ಬಣ್ಣದ ಕಾರು ಬಂತು. ಇಟಲಿಯಲ್ಲಿ ತಯಾರಾದದ್ದು, ಎರಡೇ ಆಸನ. ನನ್ನ ಸೊಂಟಕ್ಕಿಂತ ತುಸು ಎತ್ತರ ಅಷ್ಟೇ. ಕಂಪನಿಯ ಹೆಸರು ಇಲ್ಲಿ ಬೇಡ; ಆದದ್ದರಲ್ಲಿ ಅವರ ತಪ್ಪು ಏನೂ ಇರಲಿಲ್ಲ. ಅದರ ಒಡೆಯ ಅರವಿಂದರಾವ್, ಮ್ಯಾಂಗನೀಸ್ ಗಣಿಗಳ ಮನೆತನದ ಒಬ್ಬನೇ ಮಗ. ಇಂಗ್ಲೆಂಡಿನಲ್ಲಿ ಗಣಿ ವಿದ್ಯೆ ಓದಿ ಬರುವಾಗ ಕಾರನ್ನು ಹಡಗಿನಲ್ಲಿ ತಂದಿದ್ದ. ಸಿರಿವಂತರ ಮಕ್ಕಳ ಬಗ್ಗೆ ನನಗಿದ್ದ ಅಭಿಪ್ರಾಯ ಅವನ ವಿಷಯದಲ್ಲಿ ಒಂದು ವಾರವೂ ನಿಲ್ಲಲಿಲ್ಲ. ಅಂಗಿಯ ತೋಳು ಮಡಚಿ ನಮ್ಮ ಜೊತೆ ಕಾರಿನ ಕೆಳಗೆ ಮಲಗುತ್ತಿದ್ದ. ತುಳಶೀರಾಮರನ್ನು "ಮಿಸ್ತ್ರೀಜಿ" ಎಂದೇ ಕರೆಯುತ್ತಿದ್ದ; ಅವರು ಅವನನ್ನು ಛೋಟೇ ಮಾಲಕ, ಚಿಕ್ಕ ಧಣಿ, ಎನ್ನುತ್ತಿದ್ದರು.

ಬಾನೆಟ್ ಎತ್ತಿದ ಮೊದಲ ದಿನ ನಾನು ಊಟಕ್ಕೆ ಹೋಗುವುದನ್ನೇ ಮರೆತೆ. ಎರಡು ಲೀಟರಿನ ಆರು ಸಿಲಿಂಡರ್ ಎಂಜಿನ್. ಸಾಮಾನ್ಯ ಕಾರುಗಳಲ್ಲಿ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಕೆಳಗೆಲ್ಲೋ ಇದ್ದು ಉದ್ದನೆಯ ಸರಳುಗಳಿಂದ ಕೆಲಸ ನಡೆಸುತ್ತದೆ. ಇದರಲ್ಲಿ ಎರಡು ಕ್ಯಾಮ್‌ಶಾಫ್ಟ್‌ಗಳು ಎಂಜಿನ್ನಿನ ತಲೆಯ ಮೇಲೇ ಕುಳಿತು ಕವಾಟಗಳನ್ನು ನೇರವಾಗಿ ಒತ್ತುತ್ತಿದ್ದವು. ಆದ್ದರಿಂದಲೇ ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗಿದರೂ ಉಸಿರು ಕಟ್ಟುತ್ತಿರಲಿಲ್ಲ. ಹೊರಮೈ ಅಲ್ಯೂಮಿನಿಯಂ ಹಾಳೆ, ಒಳಗೆ ತೆಳುವಾದ ಉಕ್ಕಿನ ಕೊಳವೆಗಳ ಚೌಕಟ್ಟು. ನಾವು ದಿನಾ ನೋಡುತ್ತಿದ್ದ ಲಾರಿ, ಜೀಪುಗಳಲ್ಲಿ ಅನುಮಾನ ಬಂದ ಕಡೆಯಲ್ಲೆಲ್ಲ ಎಂಜಿನಿಯರು ಕಬ್ಬಿಣ ಸುರಿದಿರುತ್ತಾನೆ. ಇದರಲ್ಲಿ ಹೆಚ್ಚಿನ ಲೋಹ ಒಂದು ತೊಲವೂ ಇರಲಿಲ್ಲ. ಗಟ್ಟಿತನ ಬರುತ್ತಿದ್ದುದು ಆಕಾರದಿಂದ. ಎಲ್ಲಿ ಬಾಗಬೇಕು, ಎಲ್ಲಿ ದುಂಡಾಗಬೇಕು ಎಂಬುದನ್ನೆಲ್ಲ ಯಾರೋ ಕುಳಿತು ಲೆಕ್ಕ ಹಾಕಿ ಮಾಡಿದ್ದರು. ನನಗೆ ಇದೆಲ್ಲ ಅರ್ಥವಾಗುತ್ತದೆ ಎಂಬ ಹೆಮ್ಮೆ ಇತ್ತು.

ಅಕ್ಟೋಬರಿನಲ್ಲಿ ಕಾರಿನ ಎಡಬದಿಯ ಮುಂದಿನ ಚಕ್ರದ ಬೇರಿಂಗ್ ಗ್ರೀಸ್ ಒಣಗಿ ಸುಟ್ಟುಹೋಯಿತು. ಅದು ಹಿಡಿದು ನಿಲ್ಲುವಾಗ ತಾನು ಕುಳಿತಿದ್ದ ಸ್ಟಬ್ ಆಕ್ಸಲ್ ಅನ್ನೂ ಕೆರೆದು ಹಾಳು ಮಾಡಿತ್ತು. ಸ್ಟಬ್ ಆಕ್ಸಲ್ ಎಂದರೆ ಗೇಣುದ್ದದ ಒಂದು ಉಕ್ಕಿನ ದಂಡ. ಮುಂದಿನ ಚಕ್ರ ತಿರುಗುವುದು ಅದರ ಮೇಲೆ. ಕಾರಿನ ಆ ಮೂಲೆಯ ಭಾರವೆಲ್ಲ ಅದರ ಮೇಲೆ. ಬೇರಿಂಗ್ ಕೂಡುವ ಕಡೆ ದಂಡದ ದಪ್ಪ ಮೂವತ್ತು ಮಿಲಿಮೀಟರ್. ಅದರ ಹಿಂದೆ ದಂಡ ಒಮ್ಮೆಲೇ ನಲವತ್ತನಾಲ್ಕಕ್ಕೆ ದಪ್ಪವಾಗುತ್ತದೆ. ಆ ಮೆಟ್ಟಿಲಿಗೆ ಬೇರಿಂಗ್ ಆತುಕೊಳ್ಳುತ್ತದೆ. ತೆಳು ಭಾಗ ದಪ್ಪ ಭಾಗವನ್ನು ಸೇರುವ ಮೂಲೆಯಲ್ಲಿ ಇಟಲಿಯವರು ಮೂರೂವರೆ ಮಿಲಿಮೀಟರ್ ತ್ರಿಜ್ಯದ ದುಂಡು ಬಿಟ್ಟಿದ್ದರು. ನಮ್ಮ ಕಸುಬಿನ ಭಾಷೆಯಲ್ಲಿ ಅದಕ್ಕೆ ರೇಡಿಯಸ್ ಎನ್ನುತ್ತೇವೆ. ಮಿಸ್ತ್ರಿಗಳು ಗೋಲಾಯಿ ಎನ್ನುತ್ತಾರೆ. ಮೂಲೆ ಚೂಪಾಗಿದ್ದರೆ ಎಳೆತವೆಲ್ಲ ಅದೇ ಗೆರೆಯಲ್ಲಿ ಒಟ್ಟಾಗುತ್ತದೆ. ದುಂಡಾಗಿದ್ದರೆ ಹರಡಿಕೊಳ್ಳುತ್ತದೆ.

ಇಟಲಿಯಿಂದ ಬಿಡಿಭಾಗ ತರಿಸಲು ಆಮದು ಲೈಸೆನ್ಸ್ ಬೇಕಾಗಿತ್ತು. ಅರ್ಜಿ ಹಾಕಿದರೆ ಅದು ಬರುವುದು ಮುಂದಿನ ವರ್ಷದ ಮಾತು. ಅಷ್ಟರಲ್ಲಿ, ಡಿಸೆಂಬರ್ ಮೊದಲ ಭಾನುವಾರ, ಊರಾಚೆ ಯುದ್ಧಕಾಲದಲ್ಲಿ ಕಟ್ಟಿ ಬಿಟ್ಟಿದ್ದ ಒಂದು ವಿಮಾನದ ಓಡುಹಾದಿಯ ಮೇಲೆ ಅರವಿಂದರಾವ್ ಮತ್ತು ಅವನ ಗೆಳೆಯರು ವೇಗದ ಪರೀಕ್ಷೆ ಇಟ್ಟುಕೊಂಡಿದ್ದರು. ಕಲ್ಕತ್ತೆ, ಮುಂಬಯಿಗಳಿಂದ ಕಾರುಗಳು ಬರುವುದಿತ್ತು.

"ಕುಲಕರ್ಣಿ, ನೀವೇ ಮಾಡಿಕೊಡಬಹುದಲ್ಲ?" ಎಂದು ಅರವಿಂದರಾವ್ ಕೇಳಿದ. "ಆಗುವುದಿಲ್ಲ ಅಂತ ನೀವು ಹೇಳಿದರೆ ಬಿಟ್ಟುಬಿಡುತ್ತೇನೆ."

ಅವನು ಬಿಟ್ಟೇ ಬಿಡುತ್ತಿದ್ದ. ಅವನು ಅಂಥವನು. ಆದರೆ ಅಂಥ ಕಾರಿಗೆ ಒಂದು ಭಾಗವನ್ನು ನಾಗಪುರದಲ್ಲಿ ಕುಳಿತು ಮಾಡುವ ಆಸೆ ನನಗೇ ಹತ್ತಿತ್ತು. ಆಗುತ್ತದೆ ಎಂದೆ.

ಒಂದು ಭಾರಿ ಲಾರಿಯ ಹಿಂದಿನ ಗಾಲಿಯ ಹಳೆಯ ಆಕ್ಸಲ್ಲಿನಿಂದ ಒಳ್ಳೆಯ ಉಕ್ಕು ಸಿಕ್ಕಿತು. ಬೇರಿಂಗ್ ಮುಂಬಯಿಯಿಂದ ತರಿಸಿದೆ. ತೊಂದರೆ ಎದುರಾದದ್ದು ಇಲ್ಲಿ. ಇಟಲಿಯ ಬೇರಿಂಗಿನ ಒಳಬಳೆಯ ಅಂಚನ್ನು ಆ ದೊಡ್ಡ ಗೋಲಾಯಿಯ ಮೇಲೆ ಕೂಡುವಂತೆ ಅಗಲವಾಗಿ ಉಜ್ಜಿದ್ದರು. ಮುಂಬಯಿಯಿಂದ ಬಂದದ್ದರ ಅಳತೆಗಳೆಲ್ಲ ಸರಿಯಾಗಿದ್ದವು, ಅಂಚು ಮಾತ್ರ ಕಿರಿದು. ಮೂರೂವರೆಯ ಗೋಲಾಯಿ ಇಟ್ಟರೆ ಬೇರಿಂಗ್ ಅದರ ಮೇಲೆ ಹತ್ತಿ ನಿಲ್ಲುತ್ತಿತ್ತೇ ಹೊರತು ಮೆಟ್ಟಿಲಿಗೆ ಆತುಕೊಳ್ಳುತ್ತಿರಲಿಲ್ಲ. ನಾನು ಡ್ರಾಯಿಂಗ್ ಬೋರ್ಡಿನ ಮುಂದೆ ಕುಳಿತು, ಆ ಮೂಲೆಯನ್ನು ಗೋಲಾಯಿ ಇಲ್ಲದೆ ಚೌಕವಾಗಿ ಬರೆದೆ. ಒಂದು ಮಿಲಿಮೀಟರಿನಷ್ಟಾದರೂ ಬಿಡಬಹುದಿತ್ತು. ಬೇರಿಂಗ್ ಬಿಗಿಯಾಗಿ ಕೂಡಲಿ ಎಂದು ಅದನ್ನೂ ಬಿಡಲಿಲ್ಲ.

ತುಳಶೀರಾಮರು ಹಳೆಯ ದಂಡವನ್ನು ಒಂದು ಕೈಯಲ್ಲಿ, ನನ್ನ ಡ್ರಾಯಿಂಗನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

"ಸಾಹೇಬ್, ಹಳೇ ಪಾರ್ಟಿಗೆ ಇಲ್ಲಿ ಗೋಲಾಯಿ ಐತಿ. ನಿಮ್ಮ ಡ್ರಾಯಿಂಗಿನಾಗ ಇಲ್ಲ."

ಬೇರಿಂಗಿನ ಕಾರಣ ಹೇಳಿದೆ. ಅವರು ಹಳೆಯ ದಂಡದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು.

"ಹಂಗಾರ ನಡುವೆ ಒಂದು ರಿಂಗ್ ಹಾಕೋಣೇನ್ರೀ? ಗೋಲಾಯಿ ಹಂಗೇ ಇರ್ತದ, ರಿಂಗಿನ ಒಳಮೂಲಿ ಕಡದ್ರ ಆತು. ಬೇರಿಂಗ್ ರಿಂಗಿನ ಮ್ಯಾಲ ಬರೋಬರ್ ಕೂಡ್ತದ."

ಅದೇ ಸರಿಯಾದ ಉಪಾಯ. ಇಂದು ಯಾವ ಪಾಠಪುಸ್ತಕ ತೆರೆದರೂ ಅದೇ ಇರುತ್ತದೆ. ಆದರೆ ರಿಂಗಿನಷ್ಟು ಬೇರಿಂಗ್ ಮುಂದಕ್ಕೆ ಸರಿಯುವುದರಿಂದ ಚಕ್ರದ ನಡುವಿನ ಹಬ್ ಅನ್ನೂ ಬಿಚ್ಚಿ ಕಡೆಯಬೇಕಾಗುತ್ತಿತ್ತು. ಇನ್ನೂ ಎರಡು ದಿನದ ಕೆಲಸ. ಭಾನುವಾರಕ್ಕೆ ಮೂರು ದಿನ ಉಳಿದಿತ್ತು, ಕಾರನ್ನು ಜೋಡಿಸಿ ಓಡಿಸಿಯೂ ನೋಡಬೇಕಿತ್ತು.

"ಟೈಮ್ ಇಲ್ಲ ಮಿಸ್ತ್ರಿ. ಡ್ರಾಯಿಂಗಿನಾಗ ಇದ್ದಂಗ ಮಾಡ್ರಿ" ಎಂದೆ.

ಅವರು ತಲೆಯಾಡಿಸಿ ಹೋದರು. ಡ್ರಾಯಿಂಗಿನಲ್ಲಿ ಇದ್ದಂತೆಯೇ ಮಾಡಿದರು.

ಭಾನುವಾರ ಕಾರು ಗಂಟೆಗೆ ನೂರಾ ಹನ್ನೆರಡು ಮೈಲಿ ಓಡಿತು. ಓಡುಹಾದಿಯ ತುದಿಯಲ್ಲಿ ನಿಂತಿದ್ದ ನನ್ನ ಎದೆಗೇ ಆ ಸದ್ದು ಬಡಿಯಿತು. ಅರವಿಂದರಾವ್ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಚಕ್ರ ಬಿಚ್ಚಿ ನೋಡಿದೆ, ಬೇರಿಂಗ್ ತಣ್ಣಗಿತ್ತು. ನೂರಾ ಹನ್ನೆರಡು ಮೈಲಿ ತಡೆದದ್ದು ಇನ್ನೇನನ್ನು ತಡೆಯುವುದಿಲ್ಲ ಎಂದುಕೊಂಡೆ. ಲೈಸೆನ್ಸಿಗೆ ಅರ್ಜಿ ಹಾಕುವ ಮಾತೇ ನಿಂತುಹೋಯಿತು.

ಉಕ್ಕು ಸುಸ್ತಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಫಟೀಗ್ ಎಂದೇ ಹೆಸರು. ಒಂದು ದೊಡ್ಡ ಹೊಡೆತ ತಡೆದ ದಂಡ, ಲಕ್ಷಾಂತರ ಸಣ್ಣ ಬಾಗುವಿಕೆಗಳಿಗೆ ಸೋಲುತ್ತದೆ. ಚೂಪು ಮೂಲೆಯಲ್ಲಿ ಕಣ್ಣಿಗೆ ಕಾಣದ ಒಂದು ಬಿರುಕು ಹುಟ್ಟಿ, ಕಾರಿನ ಪ್ರತಿ ಓಟದಲ್ಲೂ ಅಷ್ಟಷ್ಟೇ ಒಳಗೆ ನಡೆಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ರೈಲ್ವೆ ಕಾರ್ಖಾನೆಯಲ್ಲಿ ಮೊದಲ ವರ್ಷವೇ ಕಲಿತಿದ್ದೆ.

1956ರ ಮಾರ್ಚಿನಲ್ಲಿ ಕಾರು ಕಾರ್ಬುರೇಟರ್ ಹೊಂದಾಣಿಕೆಗೆ ಬಂತು. ಕೆಲಸ ಮುಗಿದಾಗ ಬೆಳಿಗ್ಗೆ ಹನ್ನೊಂದು ಗಂಟೆ. ರಸ್ತೆಯ ಮೇಲೆ ಓಡಿಸಿ ನೋಡುವಾಗ ಯಾವಾಗಲೂ ಪಕ್ಕದಲ್ಲಿ ನಾನು ಕೂಡುತ್ತಿದ್ದೆ. ಆ ದಿನ ಅರವಿಂದರಾವ್, "ಮಿಸ್ತ್ರೀಜಿ ಒಂದು ದಿನವೂ ಇದರಲ್ಲಿ ಕುಳಿತಿಲ್ಲವಲ್ಲ" ಎಂದ. ತುಳಶೀರಾಮರು ಎಣ್ಣೆ ಕೈ ತೋರಿಸಿ ಬೇಡವೆಂದರು. ನಾನೇ ಒತ್ತಾಯ ಮಾಡಿದೆ. ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಅವರು ನೆಹರು ಟೋಪಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು, ಮದುವೆಯ ಮನೆಯಲ್ಲಿ ಮುಂದೆ ಕೂಡಿಸಿದವರ ಹಾಗೆ ಸಂಕೋಚದಿಂದ ಕುಳಿತರು. ಕಾರು ಅಮರಾವತಿ ರಸ್ತೆಯ ಕಡೆ ಹೋಯಿತು.

ಮುಕ್ಕಾಲು ಗಂಟೆಯ ನಂತರ ಒಬ್ಬ ಲಾರಿ ಚಾಲಕ ಅಂಗಳದೊಳಗೇ ಲಾರಿ ತಂದು ನಿಲ್ಲಿಸಿದ. "ನಿಮ್ಮ ನೀಲಿ ಗಾಡಿ ಉಲ್ಟಾ ಆಗೇತಿ. ಜಲ್ದಿ ನಡೀರಿ" ಎಂದ.

ಖನ್ನಾ ಸಾಹೇಬರೂ ನಾನೂ ಜೀಪಿನಲ್ಲಿ ಹೋದೆವು. ರಸ್ತೆ ಅಲ್ಲಿ ಸ್ವಲ್ಪವೇ ಬಲಕ್ಕೆ ತಿರುಗುತ್ತದೆ. ಎತ್ತಿನ ಗಾಡಿಗಳೂ ಲೆಕ್ಕಿಸದ ತಿರುವು ಅದು. ಅರವಿಂದರಾವ್ ನಲವತ್ತರ ವೇಗದಲ್ಲಿದ್ದನೆಂದು ಹಿಂದೆ ಬರುತ್ತಿದ್ದ ಲಾರಿಯವನು ಹೇಳಿದ. ಎಡಚಕ್ರ ಹತ್ತಿಕಟ್ಟಿಗೆ ಒಣಗಿ ನಿಂತಿದ್ದ ಹೊಲದಲ್ಲಿ ನಲವತ್ತು ಹೆಜ್ಜೆ ದೂರ ಬಿದ್ದಿತ್ತು. ಕಾರು ಮಗುಚಿ ಜಾಲಿಮರಕ್ಕೆ ಬಡಿದಿತ್ತು. ಅರವಿಂದರಾವ್ ಬದುಕಿರಲಿಲ್ಲ. ತುಳಶೀರಾಮರ ಬಲತೋಳು ಕಾರಿನ ಅಂಚಿನ ಕೆಳಗೆ ಸಿಕ್ಕಿತ್ತು. ಅವರಿಗೆ ಪ್ರಜ್ಞೆ ಇತ್ತು. ನನ್ನನ್ನು ನೋಡಿ, "ಸಾಹೇಬ್, ಛೋಟೇ ಮಾಲಕರದ್ದು ಏನೂ ತಪ್ಪಿಲ್ಲ. ಚಕ್ರ ಹೋತು. ತಾನಾ ಹೋತು" ಎಂದರು.

ಹತ್ತು ಜನ ಸೇರಿ ಕಾರು ಎತ್ತಿದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಅವರ ಬಲಗೈಯನ್ನು ಮೊಣಕೈಯ ಮೇಲಿನಿಂದ ತೆಗೆದರು.

ಅಲ್ಲಿಂದ ಹೊರಡಲು ಜೀಪು ಹತ್ತುವ ಮೊದಲು ನಾನು ಹೊಲಕ್ಕೆ ಹೋಗಿ ಚಕ್ರವನ್ನು ನೋಡಿದ್ದೆ. ಮುರಿದ ದಂಡದ ತುಂಡು ಅದರೊಳಗೇ ಇತ್ತು. ಮುರಿದ ಮುಖದ ಮುಕ್ಕಾಲು ಭಾಗ ನುಣ್ಣಗೆ, ಕಂದು ಬಣ್ಣಕ್ಕೆ ತಿರುಗಿ, ಕಪ್ಪೆಚಿಪ್ಪಿನ ಮೇಲಿರುವಂಥ ಗೆರೆಗಳಿಂದ ಕೂಡಿತ್ತು. ಉಳಿದ ಕಾಲು ಭಾಗ ಸಕ್ಕರೆ ಹರಳಿನಂತೆ ಹೊಸದಾಗಿ ಹೊಳೆಯುತ್ತಿತ್ತು. ನುಣುಪಾದದ್ದು ತಿಂಗಳುಗಟ್ಟಲೆ ನಡೆದ ಬಿರುಕು; ಹೊಳೆಯುವುದು ಆ ಬೆಳಿಗ್ಗೆ ಮುರಿದದ್ದು. ಗೆರೆಗಳೆಲ್ಲ ಆ ಚೂಪು ಮೂಲೆಯಿಂದಲೇ ಹೊರಟಿದ್ದವು. ಇನ್ನು ಯಾವ ತನಿಖೆಯೂ ನನಗೆ ಬೇಕಾಗಿರಲಿಲ್ಲ.

ಎರಡು ದಿನ ಬಿಟ್ಟು, ಶನಿವಾರ, ಖನ್ನಾ ಸಾಹೇಬರು ನನ್ನನ್ನು ತಮ್ಮ ಕೋಣೆಗೆ ಕರೆದರು. ಮೋಟಾರ್ ವೆಹಿಕಲ್ ಇನ್ಸ್‌ಪೆಕ್ಟರರು ಸೋಮವಾರ ಬರುತ್ತಾರೆ, ಡ್ರಾಯಿಂಗ್ ಕೇಳಿದ್ದಾರೆ ಎಂದರು. ಅವರ ಮುಖ ಎರಡು ದಿನದಲ್ಲಿ ಇಳಿದುಹೋಗಿತ್ತು.

"ಒಂದು ವರ್ಕ್‌ಶಾಪ್ ಲಾಹೋರಿನಾಗ ಬಿಟ್ಟು ಬಂದೆ ಕುಲಕರ್ಣಿ. ಈ ವಯಸ್ಸಿನಾಗ ಇನ್ನೊಂದು ಬಿಟ್ಟು ಎಲ್ಲಿಗೆ ಹೋಗ್ಲಿ?" ಎಂದರು. ಆಮೇಲೆ, ನನ್ನ ಕಡೆ ನೋಡದೆ, "ನಿಮ್ಮ ಡ್ರಾಯಿಂಗ್ ಸರಿ ಐತಲ್ಲ?" ಎಂದರು.

ಅವರು ಅದನ್ನು ತಿದ್ದಿರಿ ಎಂದು ಹೇಳಲಿಲ್ಲ. ಹೇಳಿದ್ದರೆಂದು ಬರೆದರೆ ನನ್ನ ಭಾರ ಅರ್ಧ ಇಳಿಯುತ್ತಿತ್ತು. ಆದರೆ ಅವರು ಹೇಳಲಿಲ್ಲ.

ಊಟದ ಬಿಡುವಿನಲ್ಲಿ ಎಲ್ಲರೂ ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚಿದಾಗ ನಾನು ಡ್ರಾಯಿಂಗ್ ಬೋರ್ಡಿಗೆ ಹೋದೆ. ಹಾಳೆ ತೆಗೆದು ಚೌಕ ಮೂಲೆಯನ್ನು ರಬ್ಬರಿನಿಂದ ಅಳಿಸಿದೆ. ಮೊದಲು ಬರೆದಿದ್ದ ಅದೇ ಪೆನ್ಸಿಲ್ಲನ್ನು ಕಂಪಾಸಿಗೆ ಹಾಕಿ ಕಮಾನು ಎಳೆದೆ. ಪಕ್ಕದಲ್ಲಿ, ಬೇರೆ ಅಂಕಿಗಳ ಅದೇ ಓರೆ ಅಕ್ಷರದಲ್ಲಿ, ಮೂರೂವರೆ ಎಂದು ಬರೆದೆ. ಐದು ನಿಮಿಷದ ಕೆಲಸ. ರಬ್ಬರಿನ ಪುಡಿಯನ್ನು ಊದಿ ತೆಗೆದು ಹಾಳೆಯನ್ನು ಅದರ ಜಾಗದಲ್ಲೇ ಇಟ್ಟೆ. ಇದನ್ನು ನೆನೆದಾಗಲೆಲ್ಲ ನನಗೆ ಅಸಹ್ಯ ಹುಟ್ಟಿಸುವುದು ಅದೇ. ನಾನು ಬರೆದ ಡ್ರಾಯಿಂಗುಗಳಲ್ಲಿ ಅಷ್ಟು ಚೊಕ್ಕಟವಾದ ತಿದ್ದುಪಡಿ ಮತ್ತೊಂದಿಲ್ಲ.

ಇನ್ಸ್‌ಪೆಕ್ಟರರು ಸಭ್ಯ ಮನುಷ್ಯ. ಅವರ ಕೈಯಲ್ಲಿ ಎಂಟು ಜಿಲ್ಲೆಗಳ ಕಡತಗಳಿದ್ದವು. ಮುರಿದ ದಂಡವನ್ನು ಡ್ರಾಯಿಂಗಿನ ಪಕ್ಕದಲ್ಲಿಟ್ಟು ನೋಡಿದರು. ಡ್ರಾಯಿಂಗಿನಲ್ಲಿ ಗೋಲಾಯಿ ಇದೆ, ದಂಡದಲ್ಲಿ ಇಲ್ಲ. ಬೇರಿಂಗನ್ನೂ ತಂದು ಜೊತೆಗಿಟ್ಟಿದ್ದರೆ ನನ್ನ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು. ಆ ಗೋಲಾಯಿಯ ಮೇಲೆ ಆ ಬೇರಿಂಗ್ ಕೂಡುವುದೇ ಇಲ್ಲ ಎಂದು ಯಾರಿಗಾದರೂ ಕಾಣುತ್ತಿತ್ತು. ಅವರು ಬೇರಿಂಗ್ ಕೇಳಲಿಲ್ಲ. ಅದು ಕಾರಿನ ಅವಶೇಷದ ಜೊತೆ ಪೊಲೀಸರ ಹತ್ತಿರ ಇದೆ ಎಂದು ನಾನು ಹೇಳಲಿಲ್ಲ.

"ಆಸ್ಪತ್ರೆಯಲ್ಲಿ ಮಿಸ್ತ್ರಿಯ ಹೇಳಿಕೆ ತೆಗೆದುಕೊಂಡೆ" ಎಂದರು. "ಡ್ರಾಯಿಂಗಿನಲ್ಲಿ ಗೋಲಾಯಿ ಇರಲಿಲ್ಲ, ನಾನು ಕೇಳಿದ್ದೆ, ರಿಂಗ್ ಹಾಕೋಣ ಅಂದಿದ್ದೆ, ಸಾಹೇಬರು ಟೈಮ್ ಇಲ್ಲ ಅಂದರು ಅಂತಾನೆ. ನೀವು ಏನಂತೀರಿ?"

ಖನ್ನಾ ಸಾಹೇಬರು ಕಿಟಕಿಯ ಹತ್ತಿರ ನಿಂತಿದ್ದರು.

"ಭಾಳ ದೊಡ್ಡ ಪೆಟ್ಟು ಬಿದ್ದದ" ಎಂದೆ. "ನೆನಪು ತಪ್ಪಿರಬಹುದು."

ಇನ್ಸ್‌ಪೆಕ್ಟರರು ತಲೆಯಾಡಿಸಿ ಬರೆದುಕೊಂಡರು. ವರದಿ ಮೇ ತಿಂಗಳಲ್ಲಿ ಬಂತು. ಕೆಲಸಗಾರ ಡ್ರಾಯಿಂಗನ್ನು ಮೀರಿ ಭಾಗವನ್ನು ತಯಾರಿಸಿದ್ದೇ ಅಪಘಾತಕ್ಕೆ ಕಾರಣ. ಆತನ ಅಂಗವೈಕಲ್ಯವನ್ನು ಗಮನಿಸಿ ಮೊಕದ್ದಮೆ ಹೂಡುವ ಅಗತ್ಯವಿಲ್ಲ ಎಂದಿತ್ತು. ಅದನ್ನು ಕರುಣೆ ಎಂದು ಎಲ್ಲರೂ ಹೊಗಳಿದರು. ತುಳಶೀರಾಮರಿಗೆ ಕೆಲಸ ಹೋಯಿತು. ಅವರದೇ ತಪ್ಪು ಎಂದಾದ ಮೇಲೆ ಪರಿಹಾರದ ಮಾತನ್ನು ಯಾರೂ ಎತ್ತಲಿಲ್ಲ. ಮಹಾಲ್‌ನ ಓಣಿಗಳಲ್ಲಿ ಅವರಿಗೆ ಛೋಟೇ ಮಾಲಕರನ್ನು ಕೊಂದ ಮಿಸ್ತ್ರಿ ಎಂದು ಹೆಸರು ಬಿತ್ತು. ಅವರನ್ನು ನೋಡಲು ನಾನು ಆಸ್ಪತ್ರೆಗೆ ಒಂದು ಸಲವೂ ಹೋಗಲಿಲ್ಲ. ಶಾರದೆ ಕೇಳಿದಾಗಲೆಲ್ಲ ಹೋಗಿ ಬಂದೆ ಎನ್ನುತ್ತಿದ್ದೆ.

ಹತ್ತು ತಿಂಗಳು ಹೀಗೇ ಕಳೆಯಿತು. 1957ರ ಜನವರಿಯಲ್ಲಿ ಒಂದು ಸಂಜೆ ಮನೆಗೆ ಬಂದಾಗ ಶಾರದೆ ಹೊಸ್ತಿಲ ಬಳಿಯೇ ಕುಳಿತಿದ್ದಳು. ಮಧ್ಯಾಹ್ನ ತುಳಶೀರಾಮರ ಹೆಂಡತಿ ಅನಸೂಯಾಬಾಯಿ ಬಂದು ಹೋಗಿದ್ದರು.

"ಪಾಪ, ಆ ಬಾಯಿ ನನ್ನ ಕೈ ಹಿಡಕೊಂಡು ಅತ್ಳುರೀ" ಎಂದಳು. "ಗಂಡ ಮನಿ ಬಿಟ್ಟು ಹೊರಗ ಹೋಗೂದಿಲ್ಲಂತ. ಯಾರ ಮುಂದೂ ಮಾತಾಡೂದಿಲ್ಲಂತ. ಡ್ರಾಯಿಂಗಿನಾಗ ಅದು ಇರಲಿಲ್ಲ ಅಂತ ಒಂದ ಮಾತು ಕುಲಕರ್ಣಿ ಸಾಹೇಬರು ಹೇಳಿದ್ರ ಸಾಕು ಅಂದ್ಳು. ನಮ್ಮನಿಯವ್ರು ಅಂಥವ್ರಲ್ಲ, ಖರೆ ಇದ್ರ ಹೇಳೇ ಹೇಳ್ತಾರ ಅಂತ ನಾ ಮಾತು ಕೊಟ್ಟೀನಿ."

ನಾನು ಚಪ್ಪಲಿ ಕೂಡ ಬಿಡದೆ ನಿಂತೇ ಇದ್ದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಕಮಾನು ಎಳೆದದ್ದನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಅಂದ್ರ ಆಸ್ಪತ್ರಿಗೆ ಹೋಗಿ ಬಂದೆ ಅಂದಿದ್ದೂ ಸುಳ್ಳೇನ್ರೀ?" ಎಂದು ಕೇಳಿದಳು. ಅವಳು ಎದ್ದು ಒಳಗೆ ಹೋದಳು.

ಮರುದಿನ ಇನ್ಸ್‌ಪೆಕ್ಟರರ ಕಚೇರಿಗೆ ಹೋದೆ. ಎರಡು ತಿಂಗಳ ಹಿಂದಷ್ಟೇ ರಾಜ್ಯಗಳ ಪುನರ್ವಿಂಗಡಣೆಯಾಗಿ ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅಲ್ಲಿಯವರೆಗೆ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಊರಿನ ಕಚೇರಿಗಳೆಲ್ಲ ಗಂಟುಮೂಟೆ ಕಟ್ಟಿದ್ದವು. ಇನ್ಸ್‌ಪೆಕ್ಟರರಿಗೆ ಭೋಪಾಲಕ್ಕೆ ವರ್ಗವಾಗಿತ್ತು. ಕಡತ ಎಲ್ಲಿದೆ ಎಂದು ಗುಮಾಸ್ತರಿಗೆ ತಿಳಿಯದು. ಭೋಪಾಲಕ್ಕೆ ಬರೆದೆ; ಅದು ಮುಂಬಯಿ ರಾಜ್ಯಕ್ಕೆ ಸೇರಿದ ವಿಷಯ ಎಂಬ ಉತ್ತರ ಬಂತು. ಮುಂಬಯಿಗೆ ಬರೆದೆ, ಕಡತ ಹಳೆಯ ರಾಜ್ಯದಿಂದ ಬಂದಿಲ್ಲ ಎಂದರು. ಕೊನೆಗೆ ಬೇರಿಂಗನ್ನಾದರೂ ಹುಡುಕೋಣ, ಅದೊಂದು ಸಿಕ್ಕರೆ ಸಾಕು, ಗೋಲಾಯಿಯ ಸುಳ್ಳನ್ನು ಯಾರಿಗಾದರೂ ತೋರಿಸಬಹುದು ಎಂದು ಪೊಲೀಸ್ ಠಾಣೆಗೆ ಹೋದೆ. ಹವಾಲ್ದಾರರು ರಿಜಿಸ್ಟರ್ ನೋಡಿ, ಕಾರಿನ ಅವಶೇಷವನ್ನೆಲ್ಲ ದೀಪಾವಳಿಗೆ ಮೊದಲೇ ಗುಜರಿಗೆ ಹರಾಜು ಹಾಕಲಾಗಿದೆ ಎಂದರು. ಖನ್ನಾ ಸಾಹೇಬರು ನನ್ನ ಮಾತನ್ನು ಪೂರ್ತಿ ಕೇಳಿ, "ಮುಗದದ್ದು ಮುಗೀತು" ಎಂದಷ್ಟೇ ಹೇಳಿ ಕಣ್ಣು ಮುಚ್ಚಿ ಕುಳಿತರು.

ಉಳಿದದ್ದು ಬಾಯಿಮಾತು. ಒಂದು ಭಾನುವಾರ ಬೆಳಿಗ್ಗೆ ಮಹಾಲ್‌ಗೆ ಹೋದೆ. ತುಳಶೀರಾಮರು ಅಣ್ಣನ ಮಗ್ಗದ ಪಕ್ಕ ನೆಲದ ಮೇಲೆ ಕುಳಿತು ಎಡಗೈಯಿಂದ ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದರು. ಎಳೆಯನ್ನು ಹಿಡಿಯಲು ಇನ್ನೊಂದು ಕೈ ಇಲ್ಲದ್ದರಿಂದ ಅದನ್ನು ಕಾಲ್ಬೆರಳುಗಳ ನಡುವೆ ಸಿಕ್ಕಿಸಿಕೊಂಡಿದ್ದರು. ಅನಸೂಯಾಬಾಯಿ ಚಾಪೆ ಹಾಸಿದರು. ನಾನು ಕೂಡಲಿಲ್ಲ. ಎಲ್ಲವನ್ನೂ ಹೇಳಿದೆ. ಮಗ್ಗದ ಸದ್ದು ನಿಂತಿತು. ಅವರ ಅಣ್ಣನೂ ಕೇಳಿಸಿಕೊಳ್ಳುತ್ತಿದ್ದ.

"ನನಗ ಗೊತ್ತಿದ್ದದ್ದು ನನಗೇ ಹೇಳಾಕ ಬಂದ್ರೇನು ಸಾಹೇಬ್?" ಎಂದರು ತುಳಶೀರಾಮರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಇದನ್ನ ಕೇಳಬೇಕಾದವರು ಬ್ಯಾರೆ ಅದಾರ. ಆಯಿಸಾಹೇಬರಿಗೆ ಹೇಳ್ರಿ. ಮಗನ್ನ ನಾ ಕೊಂದೆ ಅಂತ ತಿಳಕೊಂಡಾರ. ಅವರೊಬ್ಬರಿಗೆ ಹೇಳ್ರಿ, ಸಾಕು."

ಆಯಿಸಾಹೇಬ್ ಎಂದರೆ ಅರವಿಂದರಾವನ ತಾಯಿ. ಅಂದೇ ಮಧ್ಯಾಹ್ನ ಅವರ ಬಂಗಲೆಗೆ ಹೋದೆ. ಬಿಳಿ ಸೀರೆಯಲ್ಲಿ, ವರಾಂಡದ ಬೆತ್ತದ ಕುರ್ಚಿಯಲ್ಲಿ ಕುಳಿತು ನನ್ನ ಮಾತನ್ನು ನಡುವೆ ತಡೆಯದೆ ಕೇಳಿದರು. ಕೇಳಿದ ಮೇಲೆ ಒಳಗೆ ಹೋಗಿ ಮಡಿಸಿದ ಒಂದು ಕಾಗದ ತಂದರು. ವರದಿಯ ನಕಲು. ಮಡಿಕೆಗಳಲ್ಲಿ ಹರಿದಿತ್ತು. ಎಷ್ಟು ಸಲ ಬಿಚ್ಚಿ ಓದಿರಬೇಕು!

"ಆ ಮಿಸ್ತ್ರಿ ಹೆಂಡ್ತಿ ಇಲ್ಲಿಗೂ ಬಂದಿದ್ಲು" ಎಂದರು. "ನಿಮ್ಮ ಹತ್ರಾನೂ ಬಂದು ಅತ್ತಿರಬೇಕು. ಬಡವರ ಮ್ಯಾಲ ನಿಮಗ ಮರುಕ ಬಂದದ, ತಪ್ಪು ನಿಮ್ಮ ಮ್ಯಾಲ ತಗೊಳ್ಳಾಕ ಬಂದೀರಿ. ನಿಮ್ಮದು ಭಾಳ ಒಳ್ಳೇ ಮನಸು. ಆದ್ರ ಇದನ್ನ ಸರ್ಕಾರದವರು ಡ್ರಾಯಿಂಗ್ ನೋಡಿ ಬರದಾರ. ನಿಮ್ಮ ಡ್ರಾಯಿಂಗ್ ಬರೋಬರ್ ಇತ್ತು ಅಂತ ಇದರಾಗ ಐತಿ."

"ಅದನ್ನ ನಾ ತಿದ್ದಿದ್ದು ಆಯಿಸಾಹೇಬ್."

"ಅರವಿಂದ ದಿನಾ ನಿಮ್ಮ ಹೆಸರು ಹೇಳತಿದ್ದ" ಎಂದರು. "ನಾಗಪುರದಾಗ ಖರೆ ಎಂಜಿನಿಯರ್ ಅಂದ್ರ ಕುಲಕರ್ಣಿ ಒಬ್ಬರೇ ಅಂತಿದ್ದ. ಅವನ ಮಾತು ಸುಳ್ಳು ಮಾಡಬ್ಯಾಡ್ರಿ. ಚಹಾ ಕುಡದು ಹೋಗ್ರಿ."

ಮತ್ತೊಮ್ಮೆ ಹೇಳಲು ಬಾಯಿ ತೆರೆದೆ. ಅವರು ಕಾಗದವನ್ನು ಅದೇ ಮಡಿಕೆಗಳಲ್ಲಿ ಮಡಿಸಲು ತೊಡಗಿದ್ದರು. ಆ ಕೈಗಳನ್ನು ನೋಡುತ್ತ ಕುಳಿತೆ. ಚಹಾ ಬಂತು. ಕುಡಿದೆ.

ಮಹಾಲ್‌ಗೆ ಮರಳಿ ಹೋಗಿ ನಡೆದದ್ದನ್ನು ತಿಳಿಸಿದೆ. ತುಳಶೀರಾಮರು ಕೇಳಿ, "ಹೂಂ" ಎಂದರು. ಅನಸೂಯಾಬಾಯಿ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಈಗ ಯಾರಿಗೆ ಹೇಳ್ತೀರಿ ಸಾಹೇಬ್?" ಎಂದು ಕೇಳಿದರು. ನನ್ನನ್ನು ಚುಚ್ಚಲು ಕೇಳಿದ್ದಲ್ಲ. ಇನ್ನೂ ಯಾರಾದರೂ ಇದ್ದಾರೇನೋ, ಅವರ ಹೆಸರನ್ನು ನಾನು ಹೇಳುತ್ತೇನೇನೋ ಎಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದರು.

ಆ ವರ್ಷವೇ ನಾನು ಕೆಲಸ ಬಿಟ್ಟು ಹುಬ್ಬಳ್ಳಿಗೆ ಮರಳಿದೆ. ಒಂದು ತಾಂತ್ರಿಕ ಶಾಲೆಯಲ್ಲಿ ಇಪ್ಪತ್ತೈದು ವರ್ಷ ಡ್ರಾಯಿಂಗ್ ಕಲಿಸಿದೆ. ನಾಗಪುರಕ್ಕೆ ಐದಾರು ಪತ್ರ ಬರೆದೆ, ಉತ್ತರ ಬರಲಿಲ್ಲ. ಶಾರದೆ ಮುಂದೆ ನನ್ನ ಜೊತೆ ನಕ್ಕಳು, ಅತ್ತಳು, ಮಕ್ಕಳನ್ನು ಬೆಳೆಸಿದಳು. ಆದರೆ ನಾನು ಎಲ್ಲಿಗಾದರೂ ಹೋಗಿ ಬಂದೆನೆಂದರೆ, ನಿಜವಾಗಿ ಹೋಗಿದ್ದಿರಾ ಎಂದು ಕೇಳುವ ಒಂದು 'ಹೌದೇನ್ರೀ' ಅವಳ ನಾಲಗೆಯ ಮೇಲೆ ಉಳಿದುಬಿಟ್ಟಿತು.

ಈ ಕೆಲಸ ನನಗೆ ಏನು ಕಲಿಸಿತು ಎಂದರೆ, ಲೋಹದ ತಪ್ಪಿಗೆ ಒಂದು ಗಡುವು ಇರುತ್ತದೆ. ಬಿರುಕು ಮುಕ್ಕಾಲು ಭಾಗ ದಾಟುವವರೆಗೂ ಚಕ್ರ ಬಿಚ್ಚಿ ದಂಡ ಬದಲಿಸಬಹುದು. ನಾವು ಬದಲಿಸಲಿಲ್ಲ, ಆದರೆ ಬದಲಿಸಬಹುದಿತ್ತು. ನನ್ನ ಸುಳ್ಳಿಗೂ ಅಂಥದೇ ಒಂದು ಗಡುವು ಇತ್ತು. ಆ ಸೋಮವಾರ ಇನ್ಸ್‌ಪೆಕ್ಟರರು "ನೀವು ಏನಂತೀರಿ" ಎಂದು ಕೇಳಿ ಲೇಖನಿ ಎತ್ತಿ ಹಿಡಿದು ಕಾದ ಅಷ್ಟು ಹೊತ್ತು. ಅರ್ಧ ನಿಮಿಷ ಇರಬಹುದು. ಅದರ ನಂತರ ನಾನು ಹೇಳಿದ ನಿಜವನ್ನೆಲ್ಲ ಜನ ನನ್ನ ಒಳ್ಳೆಯತನ ಎಂದುಕೊಂಡರು. ಮಿಸ್ತ್ರಿ ಹೇಳಿದ ನಿಜವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.